ಮಾವನ ಹುಬ್ಬು

ಬ್ಯಾಡಗಿಯ ಪ್ರಭುಲಿಂಗಪ್ಪನವರ ಹುಬ್ಬು ಗಂಟಾದರೆ ಸಾಕು, ಸೊಸೆ ಸುರೇಖಾಳ ಎದೆ ಧಸಕ್ಕೆನ್ನುತ್ತಿತ್ತು. ಮದುವೆಯಾಗಿ ಇನ್ನೂ ಮೂರು ತಿಂಗಳು. ಅಷ್ಟರಲ್ಲಿ ಕಳ್ಳನೋಟದಲ್ಲೇ ಆ ಹುಬ್ಬನ್ನು ಓದಿದಷ್ಟು ಆಕೆ ಬಿ.ಎಸ್ಸಿ. ಪುಸ್ತಕವನ್ನೂ ಓದಿರಲಿಲ್ಲ. ರೊಟ್ಟಿ ಮುರಿಯುತ್ತ ಮಾವ ತಲೆ ಎತ್ತಿದರೆ ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಅಂತಲೇ. ಅವರು ಕಿಟಕಿಯ ಕಡೆ ನೋಡಿದರೂ ತನ್ನನ್ನೇ ನೋಡಿದ ಹಾಗೆ. ಹೆದರಿದವರಿಗೆ ಗೋಡೆಯ ಗಡಿಯಾರವೂ ಗುರಾಯಿಸುತ್ತದೆ, ಬಿಡಿ.

ಈಗ ಹೊಸ ಪೀಕಲಾಟ ಶುರುವಾಗಿತ್ತು. ರಾಣೆಬೆನ್ನೂರಿನ ಬೀಜದ ಕಂಪನಿಯೊಂದರ ಲ್ಯಾಬಿನಲ್ಲಿ ಆಕೆಗೆ ಕೆಲಸ ಸಿಕ್ಕಿತ್ತು. ಮದುವೆಗೆ ಮುಂಚೆ ಹಾಕಿದ್ದ ಅರ್ಜಿ ಅದು. ಸೋಮವಾರದೊಳಗೆ ಹೂಂ ಅನ್ನದಿದ್ದರೆ ಬೇರೆಯವರ ಪಾಲು. ಇವತ್ತಾಗಲೇ ಭಾನುವಾರ. ಗಂಡ ಸಿದ್ದಲಿಂಗೇಶ, "ನಂದೇನ್ ಅಡ್ಡಿ ಇಲ್ಲ, ಅಪ್ಪನ್ನ ನೀನ ಕೇಳು" ಎಂದು ಜಾರಿಕೊಂಡಿದ್ದ. ಭಲೇ ಗಂಡಸು! ಆಕೆ ನಾಲ್ಕು ಸಲ ಪಡಸಾಲೆಗೆ ಹೋಗಿ, ಮಾವನ ಗಂಟುಮುಖ ಕಂಡು, ಖಾಲಿ ಲೋಟ ಎತ್ತಿಕೊಂಡು ಮರಳಿದ್ದಳು.

ಐದನೆಯ ಸಲ ಅತ್ತೆ ಗದಿಗೆವ್ವ ಅಡ್ಡ ನಿಂತಳು. "ಏನ್ ನಡಸೀದಿ ತಂಗಿ? ಮುಂಜಾನಿಂದ ಲೋಟಾದ ಮೆರವಣಿಗಿ?"

ಸುರೇಖಾಳ ಕಣ್ಣು ತುಂಬಿ ಬಂದು, ಇದ್ದದ್ದೆಲ್ಲ ಹೊರಬಿತ್ತು. "ಮಾವಾರಿಗೆ ನನ್ನ ಕಂಡ್ರ ಆಗೂದಿಲ್ರಿ ಅತ್ತಿ. ಯಾವಾಗ ನೋಡಿದ್ರೂ ಹುಬ್ಬು ಗಂಟ ಹಾಕ್ಕೊಂಡ ನೋಡತಾರ. ನಾ ಹೆಂಗ ಕೇಳ್ಲಿ?"

ಗದಿಗೆವ್ವ ಬಿದ್ದು ಬಿದ್ದು ನಕ್ಕಳು. "ಅಯ್ಯ ನಮ್ಮವ್ವ! ಮೂವತ್ತ ವರ್ಷ ಮೆಣಸಿನಕಾಯಿ ಖರೀದಿ ಮಾಡಿದ ಮಾರಿ ಅದು. ಮಾಲು ಛಲೋ ಕಂಡ್ರ ಹುಬ್ಬು ಗಂಟ ಹಾಕತಾರ. ಇಲ್ಲಂದ್ರ ಬಾಜೂದಾಂವಗ ಗೊತ್ತಾಗಿ ಅವ ಹಾರಿಸ್ಕೊಂಡ ಹೋಗತಾನ. ಮಾಲು ಬ್ಯಾಡ ಅನಸಿದ್ರ ನಕ್ಕೋತ, 'ಭಾರಿ ಐತ್ರಿ' ಅಂದು ಮುಂದಕ ನಡೀತಾರ. ನನ್ನ ನೋಡಾಕ ಬಂದಾಗೂ ಹಿಂಗ ಕುಂತಿದ್ರು. ನಮ್ಮವ್ವ ಪಾಪ, ಸಂಬಂಧ ತಪ್ಪಿತು ಅಂತ ಅತ್ತಬಿಟ್ಟಿದ್ಳು!"

ಹೌದಲ್ಲ! ಮೊನ್ನೆ ಹೋಳಿಗೆ ಬಡಿಸಿದಾಗಲೂ ಮುಖ ಗಂಟಿಕ್ಕಿದ ಮಾವ ನಾಲ್ಕು ತಿಂದಿದ್ದರು. ಸುರೇಖಾಳಿಗೆ ಧೈರ್ಯ ಬಂತು. ಹುಬ್ಬು ಗಂಟಾದರೆ ಕೆಲಸ ಕೈಗೆ ಬಂದಂತೆಯೇ.

ಪಡಸಾಲೆಗೆ ಹೋದವಳೇ ಒಂದೇ ಉಸಿರಿನಲ್ಲಿ ಕೇಳಿಬಿಟ್ಟಳು. ಪ್ರಭುಲಿಂಗಪ್ಪನವರು ಚಷ್ಮಾ ತೆಗೆದು ಪೇಪರಿನ ಮೇಲಿಟ್ಟರು. ಹುಬ್ಬು ಸಡಿಲವಾಯಿತು. ಮುಖದ ತುಂಬ ನಗು ಹರಡಿತು.

ಸುರೇಖಾ ಅಲ್ಲಿದ್ದ ಖಾಲಿ ಲೋಟ ಎತ್ತಿಕೊಂಡಳು. ಮುಗಿಯಿತು, ಮಾವನಿಗೆ ಈ ಮಾತು ಬೇಡವಾಗಿದೆ. "ಇರ್ಲಿ ಬಿಡ್ರಿ ಮಾವಾರ, ನಾ ಸುಮ್ನ ಕೇಳಿದೆ" ಎಂದು ತಿರುಗಿದಳು.

"ನಿಂದರ್ ಯವ್ವಾ. ನಾ ಇನ್ನೂ ಬಾಯಿನ ತಗದಿಲ್ಲಲ್ಲ?"

"ನೀವು... ನಕ್ರಿ."

ಅಡುಗೆಮನೆಯಲ್ಲಿ ಗದಿಗೆವ್ವ ಕಿಸಕ್ಕೆಂದಳು. ಪ್ರಭುಲಿಂಗಪ್ಪನವರಿಗೆ ಎಲ್ಲ ತಿಳಿಯಿತು.

"ನಿಮ್ಮತ್ತಿ ಮಾತ ಕೇಳಬ್ಯಾಡ. ಬಜಾರದ ಮಾರಿ ಬಜಾರಕ್ಕ. ಮೂರ ತಿಂಗಳಾತು, ನೀ ನೆಲಾ ನೋಡ್ಕೊಂತ ಅಡ್ಡಾಡತಿ. ಹುಡುಗಿಗೆ ನಮ್ಮನಿ ಒಗ್ಗಲಿಲ್ಲ, ಯಾವತ್ತ ತವರಮನಿ ಹಾದಿ ಹಿಡೀತಾಳೋ ಅಂತ ಚಿಂತಿ ಮಾಡ್ಕೊಂತ ದಿನಾ ನಿನ್ನ ಮಾರೀನ ನೋಡಾಕತ್ತೇನಿ. ಇವತ್ತ ಬಾಯಿಬಿಟ್ಟು ಒಂದ ಕೇಳೀದಿ. ಅದಕ್ಕೂ ನಗಬಾರದೇನು?" ಪೇಪರನ್ನು ಬದಿಗೆ ಸರಿಸಿದರು. "ಲಗೂನ ಹೂಂ ಅಂತ ತಿಳಸು. ಮೊದಲನೇ ದಿನ ಬಸ್ಸಿಗೆ ನಾನ ಹತ್ತಸತೇನಿ."

ಸುರೇಖಾ ತಲೆ ಎತ್ತಿ ಅವರನ್ನು ನೇರವಾಗಿ ನೋಡಿದಳು. ಆ ಹುಬ್ಬಿನ ಕೆಳಗೆ ಕಣ್ಣುಗಳೂ ಇದ್ದವು. ಮೂರು ತಿಂಗಳಲ್ಲಿ ಆಕೆ ಒಂದು ದಿನವೂ ಅವನ್ನು ನೋಡಿರಲಿಲ್ಲ. ಅವೂ ಆಕೆಯಷ್ಟೇ ಹೆದರಿದ್ದವು.