ಪರೀಕ್ಷೆಯ ದಿನದ ನಡಿಗೆ

ವರ್ಷಕ್ಕೊಮ್ಮೆ ನಡಿಗೆಯ ಪರೀಕ್ಷೆ ಬಂತೆಂದರೆ ಒರಿಸಿಯಾ ಬರಾನಿಕ್ ಹಿಂದಿನ ದಿನವಿಡೀ ಹಾಸಿಗೆ ಬಿಟ್ಟೇಳುತ್ತಿರಲಿಲ್ಲ. ಪೆರೊಗಿ ಕಡುಬು ಬೇಯಿಸುವ ಕೆಲಸ ಗಂಡ ವಾಲ್ಟರನ ತಲೆಗೆ. ಹೀಗೆ ಉಳಿಸಿಟ್ಟ ಶಕ್ತಿಯನ್ನೆಲ್ಲ ಆಸ್ಪತ್ರೆಯ ತುಂಡು ವರಾಂಡದಲ್ಲಿ ಸುರಿದು, ಡಾಕ್ಟರ ಕೈಯ ಸ್ಟಾಪ್‌ವಾಚ್ ಮೆಚ್ಚುವಂತೆ ನಡೆದು, ಆಮೇಲೆ ವಾರಗಟ್ಟಲೆ ಮನೆಯಲ್ಲಿ ಬಿದ್ದುಕೊಳ್ಳುವುದು. ಎಂಎಸ್ ಎಂಬ ನರಗಳ ಕಾಯಿಲೆ ಹಿಡಿದವರೆಲ್ಲ ಅಲ್ಲಿ ಮಾಡುತ್ತಿದ್ದುದು ಇದನ್ನೇ. ಹೊರಗಿನ ಬೆಂಚಿನಲ್ಲಿ ಕೂತು ಯಾರು ಎಷ್ಟು ಬೇಗ ನಡೆದರೆಂದು ಜಂಬ ಕೊಚ್ಚಿಕೊಳ್ಳುವುದು ಬೇರೆ. ನರ ಸತ್ತರೂ ಪೈಪೋಟಿ ಸಾಯದ ಜನ!

ಡಾಕ್ಟರಿಗೂ ಅಷ್ಟೇ ಸಾಕು. ನುಣುಪು ನೆಲ, ನೇರ ದಾರಿ. ತಿರುವಿಲ್ಲ, ಮೆಟ್ಟಿಲಿಲ್ಲ, ಹೆಪ್ಪುಗಟ್ಟಿದ ಹಿಮವಿಲ್ಲ. ಅಂಥ ದಾರಿ ಆ ಸಾಸ್ಕಟೂನ್ ಊರಿನಲ್ಲಿ ಇನ್ನೆಲ್ಲಿದೆಯೋ ದೇವರೇ ಬಲ್ಲ.

ಒರಿಸಿಯಾಳ ಎಡಪಾದ ಈಗೀಗ ಮೇಲೇಳುತ್ತಿರಲಿಲ್ಲ. ಅಡುಗೆಮನೆಯಲ್ಲಿ ಮುಗ್ಗರಿಸಿ ಮಣಿಕಟ್ಟು ಮುರಿದುಕೊಂಡಿದ್ದಳು. ಮೊಣಕಾಲಿನ ಕೆಳಗೆ ಕಟ್ಟಿಕೊಂಡರೆ ಸಣ್ಣಗೆ ಕರೆಂಟು ಕೊಟ್ಟು ಪಾದವನ್ನೆತ್ತುವ ಪಟ್ಟಿಯೊಂದಿದೆ. ನಡಿಗೆ ಕೆಟ್ಟಿದೆಯೆಂದು ಆಸ್ಪತ್ರೆ ಬರೆದುಕೊಟ್ಟರೆ ಮಾತ್ರ ವಿಮೆಯವರು ಅದನ್ನು ಕೊಡುತ್ತಾರೆ. ಈ ಮಹಾತಾಯಿ ಹೋದ ವರ್ಷ ಬಿರುಸಾಗಿ ನಡೆದು, ಡಾಕ್ಟರಿಂದ ಭೇಷ್ ಅನ್ನಿಸಿಕೊಂಡು, ಪಟ್ಟಿ ಸಿಗದೆ ಬರಿಗಾಲಲ್ಲಿ ಬಂದಿದ್ದಳು.

"ಇವತ್ತಾದ್ರೂ ಮನೇಲಿ ನಡೆಯೋ ಹಾಗೆ ನಡಿಯೇ," ಎಂದು ಕಾರಿನಲ್ಲಿ ವಾಲ್ಟರ್ ಗೋಗರೆದ.

"ಕುಂಟಿ ತೋರಿಸ್ಲಾ? ನಾನೇನು ಭಿಕ್ಷೆಗೆ ಹೊರಟಿದೀನಾ?"

ಬೆಂಚಿನಲ್ಲಿ ಹಳೆಯ ಎದುರಾಳಿ ಡೆಲ್ಮರ್ ಫೇರ್ ಕೂತಿದ್ದ. ಅವನ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಬಿಚ್ಚಿಟ್ಟಿದ್ದ ಪಟ್ಟಿಯನ್ನು ಮತ್ತೆ ಕಾಲಿಗೆ ಕಟ್ಟಿಕೊಳ್ಳುತ್ತಿದ್ದ.

"ಏನಮ್ಮಾ ಓಟಗಾತಿ, ಈ ಸಲಾನೂ ನೀನೇ ಗೆಲ್ಲೋದಾ?"

"ಸೋತು ಗಿಟ್ಟಿಸ್ಕೊಂಡ್ಯಲ್ಲಪ್ಪಾ, ಕಟ್ಕೋ ಕಟ್ಕೋ."

"ಕಟ್ಕೊಂಡ ಮೇಲೆ ಬಿದ್ದಿಲ್ಲ ಕಣಮ್ಮಾ," ಎಂದು ಅವನು ನಕ್ಕ. ಆ ನಗು ಅವಳ ಮೈಯೆಲ್ಲ ಉರಿಸಿತು.

ಒಳಗೆ ವ್ಯಾಯಾಮ ಚಿಕಿತ್ಸೆಯ ಮಾರೆನ್ ಅವಳ ಬೂಟಿನೊಳಗೆ ತೆಳ್ಳನೆಯ ಹಾಳೆಗಳನ್ನು ತೂರಿಸಿದಳು. "ಈ ಸಲ ವೇಗ ಅಷ್ಟೇ ಅಲ್ಲ, ಹೇಗೆ ನಡೀತೀರಿ ಅನ್ನೋದನ್ನೂ ಅಳೀತೀವಿ. ತೆಗೆಯೋವರೆಗೂ ಇವು ಅಳೀತಾನೇ ಇರ್ತವೆ, ಆಗಬಹುದಾ?"

"ಹೂಂ, ಹೂಂ." ಒರಿಸಿಯಾಳ ಕಿವಿ ಅಲ್ಲಿರಲಿಲ್ಲ, ಕಣ್ಣು ಬಾಗಿಲಾಚೆಯ ಡೆಲ್ಮರನ ಮೇಲಿತ್ತು. ಹಲ್ಲು ಕಚ್ಚಿ, ಸೊಂಟದಿಂದ ಕಾಲನ್ನು ಬೀಸಿ ಬೀಸಿ ವರಾಂಡ ದಾಟಿದಳು. ಹೋದ ವರ್ಷದಷ್ಟೇ ವೇಗ! ಗೆದ್ದೆನೆಂದು ಬೀಗಿದಳು. ಆಮೇಲೆ ಗೋಡೆ ಹಿಡಿದುಕೊಂಡು ಶೌಚಾಲಯಕ್ಕೆ ಹೋಗಿಬಂದಳು.

ಬಂದು ನೋಡಿದರೆ ಪರದೆಯ ಮೇಲೆ ಹೆಜ್ಜೆಗಳ ಚಿತ್ರ. ಒಂದು ಕಾಲು ಗಟ್ಟಿಯಾಗಿ ಊರಿದೆ. ಇನ್ನೊಂದು ಬೆರಳ ತುದಿಯಲ್ಲಿ ನೆಲ ಗೀರಿಕೊಂಡು, ಅಡ್ಡಾದಿಡ್ಡಿ ಹೊರಳಿದೆ. ಒರಿಸಿಯಾ ಕಿಸಕ್ಕೆಂದಳು.

"ಡೆಲ್ಮರಂದು ತಾನೇ? ಆಲೂಗಡ್ಡೆ ಮೂಟೆ ಎಳೆದ ಹಾಗಿದೆ! ಬಾಯಿ ಮಾತ್ರ ಬೊಂಬಾಯಿ." ಮತ್ತೊಮ್ಮೆ ನೋಡಿದಾಗ ಅವಳ ನಗು ನಿಂತಿತು. ನಿಜವಾಗಿಯೂ ಕರುಳು ಚುರುಕ್ಕೆಂದಿತು. "ಅಯ್ಯೋ ಪಾಪ. ಇಷ್ಟೊಂದು ಕೆಟ್ಟೋಗಿದೆಯಾ? ಹೀಗಿರೋರನ್ನ ಒಬ್ಬರನ್ನೇ ಓಡಾಡೋಕೆ ಬಿಡ್ತಾರಾ?"

ಪಕ್ಕದಲ್ಲಿ ನಿಂತಿದ್ದ ವಾಲ್ಟರ್ ನೆಲ ನೋಡಿದ.

"ಇದು ನಿಮ್ಮದೇ," ಎಂದಳು ಮಾರೆನ್, ಮೆಲ್ಲಗೆ. "ಈಗ ಶೌಚಾಲಯಕ್ಕೆ ಹೋಗಿಬಂದ್ರಲ್ಲ, ಅದು."

"ಸುಳ್ಳು." ಒರಿಸಿಯಾ ಗಂಡನ ಕಡೆ ತಿರುಗಿದಳು. "ನಾನು ಹೀಗಾ ನಡೆಯೋದು?"

"ದಿನಾ," ಎಂದ ವಾಲ್ಟರ್.

"ವಿಮೆಯವರಿಗೆ ಇದನ್ನೂ ಕಳಿಸ್ಲಾ?" ಎಂದು ಮಾರೆನ್ ಕೇಳಿದಳು. "ನೀವು ಬೇಡ ಅಂದ್ರೆ ಕಳಿಸಲ್ಲ."

ಒರಿಸಿಯಾ ಬೈಯಲು ಬಾಯಿ ತೆರೆದಳು. ಆದರೆ ಪರದೆಯ ಮೇಲಿನ ಆ ಹೆಜ್ಜೆಗಳಿಗೆ ಆಗಲೇ ಅಯ್ಯೋ ಅಂದುಬಿಟ್ಟಿದ್ದಳು. ಅಂದದ್ದನ್ನು ವಾಪಸು ನುಂಗುವುದು ಅವಳಿಂದಲೂ ಆಗಲಿಲ್ಲ.

"ಕಳಿಸಮ್ಮಾ," ಎಂದಳು. "ಪಾಪ, ಅವಳಿಗೆ ಆ ಪಟ್ಟಿ ಬೇಕು."