ಉಲ್ಟಾ ಬಿದ್ದ ‘ಅಂಜಬ್ಯಾಡ’

ನಾನು ಒಂದು ಹೆಲ್ಮೆಟ್ಟಿನ ಸ್ಕಿನ್. ಹೆಲ್ಮೆಟ್ಟಲ್ಲ, ಅದರ ಮೇಲಿನ ಬಣ್ಣದ ಹೊದಿಕೆ. ಅದೂ ನಿಜವಾದ ಹೆಲ್ಮೆಟ್ಟಿನದಲ್ಲ. ಕಂಪ್ಯೂಟರಿನಲ್ಲಿ ರೇಸ್ ಕಾರು ಓಡಿಸುವ ಸಿಮ್ಯುಲೇಟರಿನೊಳಗಿನದು. ಸುಲಿದ ಮೋಸಂಬಿ ಸಿಪ್ಪೆಯನ್ನು ಮೇಜಿನ ಮೇಲೆ ಹರಡಿದಂತೆ ಚಪ್ಪಟೆಯಾಗಿ ಹುಟ್ಟಿದೆ. ಹುಟ್ಟಿದ ಗಳಿಗೆಯಿಂದಲೇ ನನಗೆ ಜೀವಭಯ. ಕಂಪ್ಯೂಟರಿನಲ್ಲಿ ನನ್ನದೇ ಹೆಸರಿನ ಇನ್ನೊಂದು ಚಿತ್ರದ ಫೈಲನ್ನು ನನ್ನ ಮೇಲೆ ತಂದು ಹಾಕಿದರೆ ಮುಗಿಯಿತು, ಹೆಣವೂ ಸಿಗುವುದಿಲ್ಲ.

ನನ್ನನ್ನು ಮಾಡಿದವರು ಹುಬ್ಬಳ್ಳಿಯ ಮಕ್ತುಮಸಾಬರು. ಗಾಡಿಗಳಿಗೆ ಹೆಸರು, ನಂಬರು ಕತ್ತರಿಸಿ ಅಂಟಿಸುವ ರೇಡಿಯಂ ಅಂಗಡಿ ಅವರದು. ಮೂವತ್ತು ವರ್ಷ ಬ್ಲೇಡು ಹಿಡಿದು ಪಳಗಿದವರು, ಮೌಸನ್ನು ಒತ್ತುವ ಮೊದಲು ಮಾತ್ರ ಮೂರು ಸಲ ಎತ್ತಿಡುತ್ತಿದ್ದರು. “ಒಂದ್ ಗುಂಡಿ ತಪ್ಪಿ ಒತ್ತಿದ್ರ ಎಲ್ಲಾ ಹೋಗ್ತೈತೇನೊ” ಎಂದು ಗೊಣಗುತ್ತಿದ್ದರು. ಮಾಡುವವರೇ ಹೀಗೆ ಹೆದರಿದರೆ ಮಾಡಿಸಿಕೊಳ್ಳುವ ನನ್ನ ಗತಿಯೇನು?

ಮಾಡಿಸಿದವಳು ಇಂದುಮತಿ, ಧಾರವಾಡದ ಕಾಲೇಜೊಂದರ ಲೈಬ್ರರಿಯನ್. ಎರಡು ವರ್ಷದ ಹಿಂದೆ ಅವಳು ಓಡಿಸುತ್ತಿದ್ದ ಕಾರು ರಸ್ತೆ ಬದಿಯ ಮರಕ್ಕೆ ಬಡಿದು, ಪಕ್ಕದಲ್ಲಿದ್ದ ಅಕ್ಕ ಕಸ್ತೂರಿಯ ಎಡಗೈ ಜಜ್ಜಿಹೋಗಿತ್ತು. ಆಮೇಲೆ ಇಂದುಮತಿ ಸ್ಟೇರಿಂಗ್ ಮುಟ್ಟಲಿಲ್ಲ. ಅಕ್ಕನದು ಬೇರೆಯೇ ಹಟ. “ನೀ ಹೊಡೀತಿದ್ರಷ್ಟ ನಾ ಕಾರ್ ಹತ್ತಾಕಿ. ಇಲ್ಲಾಂದ್ರ ಹೊಸ್ತಿಲಾ ದಾಟಂಗಿಲ್ಲ” ಎಂದವಳು ಮಾತಿಗೆ ತಪ್ಪದೆ ಎರಡು ವರ್ಷ ಮನೆಯೊಳಗೇ ಕೂತಿದ್ದಳು. ತನ್ನಿಂದ ಅಕ್ಕ ಸೆರೆಯಾದಳಲ್ಲ ಎಂಬ ಸಂಕಟಕ್ಕೆ ಇಂದುಮತಿ ಆಟದ ಸ್ಟೇರಿಂಗೊಂದನ್ನು ತಂದು ಮೇಜಿಗೆ ಬಿಗಿದಳು. ಅಲ್ಲಿ ಧೈರ್ಯ ಬಂದರೆ ರಸ್ತೆಯಲ್ಲೂ ಬಂದೀತು ಎಂಬ ಆಸೆ. “ಕರೀ ಬಣ್ಣ, ಹಳದಿ ಪಟ್ಟಿ, ಹಣೀ ಮ್ಯಾಲೆ ‘ಅಂಜಬ್ಯಾಡ’ ಅಂತ ಬರೀರಿ ಕಾಕಾ” ಎಂದು ಸಾಬರಿಗೆ ಹೇಳಿದ್ದಳು.

ಸಾಬರು ಬರೆದರು. ಆದರೆ ಹಣೆಯ ಕೆಳಗೇ ಹೆಲ್ಮೆಟ್ಟಿನ ಗಾಜು ಕಂಡಿತು ನೋಡಿ, ಹಳೆಯ ರೂಢಿ ಕೈಗೆ ಬಂದುಬಿಟ್ಟಿತು. ಆಟೋದ ಗಾಜಿಗೆ ಒಳಗಿನಿಂದ ಅಂಟಿಸುವ ಅಕ್ಷರಗಳನ್ನು ಅವರು ಯಾವಾಗಲೂ ಉಲ್ಟಾ ಕತ್ತರಿಸುತ್ತಾರೆ, ಹೊರಗಿನವರಿಗೆ ಸರಿಯಾಗಿ ಕಾಣಲಿ ಎಂದು. ನನ್ನ ಹಣೆಯ ಮಾತನ್ನೂ ಹಾಗೇ ತಿರುಗಿಸಿ ಕಳಿಸಿದರು.

ನೋಡಿದ ಕೂಡಲೇ ಇಂದುಮತಿ ಫೋನು ಮಾಡಿದಳು. ಸಾಬರು ಮೊದಲ ಮಾತಿಗೇ ಒಪ್ಪಿಕೊಂಡರು. “ತಪ್ಪಾತ್ರೀ ಅಕ್ಕಾರ. ಕೈ ರೂಢೀ ಪ್ರಕಾರ ಹೋತು. ಸಂಜಿಗೆ ಸರಿ ಮಾಡಿ ಕಳಸ್ತೀನಿ, ಹಳೇದರ ಮ್ಯಾಲೆ ಹಾಕ್ಕೊಂಬಿಡ್ರಿ.”

ನನ್ನ ಸಾವಿಗೆ ಮುಹೂರ್ತ ಇಟ್ಟಾಯಿತು. ಸಂಜೆಗೆ ಇನ್ನು ಎಷ್ಟು ಹೊತ್ತು ಎಂದು ನಾನು ಲೆಕ್ಕ ಹಾಕುತ್ತಿದ್ದಾಗಲೇ, ಅಲ್ಲಿಯವರೆಗೆ ಅಭ್ಯಾಸವಾದರೂ ಆಗಲಿ ಎಂದು ಅವಳು ಒಂದು ರೇಸಿಗೆ ಇಳಿದಳು. ಮೂರನೆಯ ತಿರುವಿನಲ್ಲಿ ಬೇಲಿಯಾಚೆ ಮರಗಳ ಸಾಲು ಬಂತು. ಅವಳ ಕಾಲು ಪೆಡಲಿನಿಂದ ಎದ್ದಿತು. ಹಿಂದಿನಿಂದ ಹತ್ತು ಕಾರುಗಳು ಮೈಮೇಲೆ ಬರುತ್ತಿದ್ದವು. ಗಾಬರಿಯಲ್ಲಿ ಅವಳು ಕನ್ನಡಿ ನೋಡಿದಳು. ಆ ಆಟದ ಕನ್ನಡಿಯ ಮೂಲೆಯಲ್ಲಿ ಚಾಲಕರ ಹೆಲ್ಮೆಟ್ಟೂ ಚೂರು ಕಾಣುತ್ತದೆ. ಉಲ್ಟಾ ಅಕ್ಷರ ಕನ್ನಡಿಯಲ್ಲಿ ಸೀದಾ ಆಗಿತ್ತು.

“ಅಂಜಬ್ಯಾಡ” ಎಂದು ಅವಳು ಬಾಯಿಬಿಟ್ಟು ಓದಿದಳು. ಕಾಲು ಪೆಡಲಿಗೆ ಇಳಿಯಿತು. ಎಲ್ಲರಿಗಿಂತ ಕೊನೆಯವಳಾಗಿ, ಆದರೂ ಕೊನೆಯವರೆಗೆ ಓಡಿಸಿದಳು.

ಮುಗಿದ ಮೇಲೆ ಮತ್ತೆ ಫೋನು. “ಕಾಕಾ, ಮುಟ್ಟಬ್ಯಾಡ್ರಿ. ಮಂದಿಗೆ ಓದಾಕ ಬರದಿದ್ರ ಬಿಡ್ರಿ, ನನಗ ಬರ್ತೈತಿ.”

ಹೀಗೆ ಬದುಕಿಕೊಂಡೆ. ಆದರೆ ಅಂಜಿಕೆ ಬಿಡಲಿಲ್ಲ. ಎಂಟು ತಿಂಗಳು ಅವಳೊಡನೆ ಗೋಡೆಗೆ ಬಡಿದೆ, ಮಗುಚಿದೆ, ಹೊತ್ತಿ ಉರಿದೆ. ಪ್ರತಿ ಸಲ ಒಂದು ಗುಂಡಿ ಒತ್ತಿದರೆ ಎಲ್ಲ ಮೊದಲಿನಂತಾಗುತ್ತಿತ್ತು. ಒಂದು ಭಾನುವಾರ ನಡು ರೇಸಿನಲ್ಲಿ ಅವಳು ತಟ್ಟನೆ ಹೆಡ್‌ಫೋನು ತೆಗೆದಿಟ್ಟಳು. ಅದರ ಮೈಕಿನಲ್ಲಿ ನನಗೆ ಕೇಳಿಸಿತು.

“ಅಕ್ಕಾ, ಸೀರಿ ಉಟ್ಕೋ. ಕಾರ್ ತಗೀತೀನಿ.”

ಬಾಗಿಲು ಮುಚ್ಚಿತು. ನಾನು ರಸ್ತೆಯ ನಡುವೆ ನಿಂತ ಕಾರಿನಲ್ಲಿ ಒಬ್ಬನೇ ಉಳಿದೆ. ಬೇರೆ ಕಾರುಗಳು ಬಂದು ಬಂದು ಬಡಿದವು. ಅದು ನನಗೆ ಲೆಕ್ಕಕ್ಕೇ ಬರಲಿಲ್ಲ. ಅವರು ಹೋದ ರಸ್ತೆಯಲ್ಲಿ, ಒತ್ತಿದರೆ ಎಲ್ಲ ಮೊದಲಿನಂತಾಗುವ ಆ ಗುಂಡಿ ಇಲ್ಲವಲ್ಲ! ಆ ಎರಡು ಗಂಟೆ ನಾನು ಪಟ್ಟ ಭಯದ ಮುಂದೆ ಹಿಂದಿನದೆಲ್ಲ ಏನೂ ಅಲ್ಲ.

ಕೊನೆಗೆ ಬಾಗಿಲು ಸದ್ದಾಯಿತು. “ಆ ಹಂಪ್ಸ್ ಮ್ಯಾಲೆ ಹಂಗ ಎತ್ತಿ ಒಗದ್ಯಲ್ಲ, ನನ್ನ ಸೊಂಟಾ ಹೋತು” ಎಂದು ಕಸ್ತೂರಿ ಬೈಯುತ್ತಿದ್ದಳು. “ನಾಳೆ ನುಗ್ಗಿಕೇರಿ ಗುಡಿಗೆ ಹೋಗೂಣು, ಮೆಲ್ಲಕ ಹೊಡಿ.”

ಆಮೇಲೆ ಸ್ಟೇರಿಂಗ್ ಮೇಜಿನಿಂದ ಇಳಿಯಿತು. ನಾನು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಬಿದ್ದಿದ್ದೇನೆ. ಯಾರೂ ತೆರೆದು ಮೂರು ವರ್ಷವಾಯಿತು. ಯಾವತ್ತಾದರೂ ಅಳಿಸಿಹಾಕುತ್ತಾರೆ, ಹಾಕಲಿ. ಈಗ ನನಗೆ ಒಂದೇ ಭಯ: ಇಂದುಮತಿ ಎಲ್ಲಿ ಮತ್ತೆ ರಸ್ತೆಗೆ ಅಂಜಿ ಬಂದು ನನ್ನನ್ನು ಹುಡುಕುತ್ತಾಳೋ ಎಂದು.