ಪದ ಕೊಡುವವರು

“ನಮ್ಮ ಸಹೋದರ ತನ್ನ ಪಾಲಿನ ಕಲ್ಲನ್ನು ಇಟ್ಟ,” ಎಂದು ಬೇಕರಿಯವನು ಮೈದಾ ಮೂಟೆಗಳಿಗೆ ಹೇಳಿ, ಮುಂದಿನ ಸಾಲಿಗಾಗಿ ಸೂರು ನೋಡಿದ. ಸೂರಿನಲ್ಲಿ ಏನೂ ಬರೆದಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡಿದ, ಮತ್ತೆ ಅಲ್ಲಿಗೇ ಬಂದು ಬಂಡಿ ನಿಂತಿತು. ಹೆಂಡತಿ ಬಾಗಿಲಲ್ಲಿ ನಿಂತು, ಕರಿ ಕೋಟಿನ ಮೇಲೆಲ್ಲ ಹಿಟ್ಟು ಬಿದ್ದಿದೆ, ಹೀಗೇ ಹೋದರೆ ಸತ್ತವರಿಗಿಂತ ನೀವೇ ಬಿಳಿಚಿಕೊಂಡು ಕಾಣುತ್ತೀರಿ ಎಂದು ಕೋಟು ಕೊಡವಿದಳು.

ಅಂದು ಮಣ್ಣಿಗಿಡಬೇಕಾಗಿದ್ದದ್ದು ಕನ್ನಡಕದಂಗಡಿಯ ಯಜಮಾನರನ್ನು. ಊರಿನ ಫ್ರೀಮೇಸನ್ ಲಾಡ್ಜಿಗೆ, ಎಂದರೆ ಕಲ್ಲುಕುಟಿಗರ ಮಾತು-ವೇಷ ಇಟ್ಟುಕೊಂಡು, ಹೊರಗಿನವರನ್ನೂ ಹೆಂಗಸರನ್ನೂ ಬಿಟ್ಟುಕೊಳ್ಳದೆ ಬಾಗಿಲು ಮುಚ್ಚಿ ಸೇರುವ ಸಹೋದರರ ಸಂಘಕ್ಕೆ, ಅವರು ಮೂರು ಅವಧಿ ಮಾಸ್ಟರ್, ಅಂದರೆ ಮುಖ್ಯಸ್ಥ, ಆಗಿದ್ದವರು, ಮೂರನೆಯದು ಬೇರೆ ಯಾರೂ ಹೆಗಲು ಕೊಡಲಿಲ್ಲವೆಂದು. ಲಾಡ್ಜಿನವರ ಬಾಯಲ್ಲಿ ಅವರು ದೊಡ್ಡಣ್ಣ. ಈಗಿನ ಮಾಸ್ಟರ್ ನಮ್ಮ ಬೇಕರಿಯವನು. ಸಹೋದರನೊಬ್ಬ ಸತ್ತರೆ ಗುಂಡಿಯ ಬಳಿ ನಿಂತು ಬೀಳ್ಕೊಡುಗೆಯ ಮಾತು ಹೇಳಬೇಕಾದವನು ಮಾಸ್ಟರ್; ಅದನ್ನು ಬಾಯಿಪಾಠವಾಗಿಯೇ ಹೇಳಬೇಕು. ಕಾಗದ ಹಿಡಿಯುತ್ತೇನೆಂದು ಯಾರೋ ಹಿಂದೊಮ್ಮೆ ಕೇಳಿದ್ದಕ್ಕೆ ದೊಡ್ಡಣ್ಣ, “ನೋಡ್ಕೊಂಡು ಓದೋಕೆ ಅದೇನು ಕರೆಂಟ್ ಬಿಲ್ಲಾ?” ಎಂದಿದ್ದರು.

ಬೇರೆ ಯಾರ ಮುಂದೆ ತಡವರಿಸಿದ್ದರೂ ಬೇಕರಿಯವನು ನಕ್ಕು ಮರೆಯುತ್ತಿದ್ದ. ಈ ಮನುಷ್ಯನನ್ನು ಅರ್ಧ ಮಾತಿನಲ್ಲಿ ಕಳಿಸುವುದಕ್ಕೆ ಮಾತ್ರ ಅವನ ಮನಸ್ಸು ಒಪ್ಪುತ್ತಿರಲಿಲ್ಲ.

ಸತ್ತವರ ಮನೆ ಅಂಗಡಿಯ ಮೇಲೆಯೇ. ಮೆಟ್ಟಿಲು ಹತ್ತುವಾಗ ಗಾಜು ಸಾಣೆ ಹಿಡಿಯುವ ಯಂತ್ರಕ್ಕೆ ಯಾರೋ ಬಟ್ಟೆ ಹೊದಿಸಿದ್ದು ಕಂಡಿತು. ಮೇಲೆ ಜನ ತುಂಬಿದ್ದರು, ಆದರೆ ಅಳು ಕಡಿಮೆ. ಊಟ ಮುಗಿಸಿ, ಕುರ್ಚಿಗೊರಗಿ, ಪತ್ರಿಕೆ ಎದೆಯ ಮೇಲಿರುವಾಗಲೇ ಹೋದವರಿಗೆ ಎಷ್ಟೆಂದು ಅಳುವುದು? ಪಕ್ಕದ ಮನೆಯವರು ಲಾಡ್ಜಿನಲ್ಲಿ ರೂಮಿನ ಬಾಡಿಗೆ ಎಷ್ಟೆಂದು ವಿಚಾರಿಸುತ್ತಿದ್ದರು. ಶಾಲೆಯ ಟೀಚರ್ ಒಬ್ಬರು, ದಡ್ಡಿ ಎನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತ ಹುಡುಗಿಗೆ ದೊಡ್ಡಣ್ಣ ಲಾಡ್ಜಿನ ಖರ್ಚಿನಲ್ಲಿ ಕನ್ನಡಕ ಮಾಡಿಕೊಟ್ಟದ್ದನ್ನು ಹೇಳಿದರು. ಹಾಕಿಕೊಂಡ ಕೂಡಲೆ ಆ ಹುಡುಗಿ, ಮಿಸ್, ನಿಮಗೆ ಮೀಸೆ ಇದೆ ಎಂದಳಂತೆ. ಟೀಚರ್ ಹೇಳಿ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು.

ಲಾಡ್ಜಿನವರೆಲ್ಲ ಅತ್ತಿಗೆ ಎನ್ನುತ್ತಿದ್ದ ಅವರ ಹೆಂಡತಿ ಕಿಟಕಿಯ ಪಕ್ಕ ಕೂತಿದ್ದರು.

“ಪ್ರತಿ ಗುರುವಾರ ಹೋಗ್ತಿದ್ರು. ಒಳಗೆ ಏನ್ಮಾಡ್ತೀರಿ ಅಂದ್ರೆ, ‘ಒಳ್ಳೆಯವರಾಗೋಕೆ ನೋಡ್ತೀವಿ’ ಅನ್ನೋರು. ಅದಕ್ಕೆ ಇಷ್ಟು ವರ್ಷ ಬೇಕಾ ಅಂತ ನಾನು,” ಎಂದು ಬಂದವರಿಗೆ ಹೇಳುತ್ತಿದ್ದವರು ಬೇಕರಿಯವನನ್ನು ಕಂಡು ತಿರುಗಿದರು. “ಮುಖ ಯಾಕಪ್ಪ ಹಾಗಿದೆ?”

“ಮಾತು ಮರೆತು ಹೋಗತ್ತೇನೋ ಅಂತ ಭಯ, ಅತ್ತಿಗೆ.”

“ಮರೆತ್ರೆ ಮರೀತೀಯ. ಅವರೇನು ಎದ್ದು ಬಂದು ಬೈತಾರಾ?”

ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವನಿಗೆ.

*

ಅವನು ಮಾಸ್ಟರ್ ಕುರ್ಚಿಯಲ್ಲಿ ಮೊದಲು ಕೂತ ಸಂಜೆ ದೊಡ್ಡಣ್ಣ ಎಡಗಡೆಯ ಕುರ್ಚಿಯಲ್ಲಿದ್ದರು. ಹಳೆಯ ಮಾಸ್ಟರ್ ಅಲ್ಲಿ ಕೂತು, ಹೊಸಬ ಮರೆತಾಗ ಪದ ಕೊಡುವುದು ಲಾಡ್ಜಿನ ಪದ್ಧತಿ. ಯಾರು ಮಾಸ್ಟರ್ ಆದರೂ ಆ ಕುರ್ಚಿಯನ್ನು ದೊಡ್ಡಣ್ಣ ಬಿಟ್ಟುಕೊಡುತ್ತಿರಲಿಲ್ಲ. ಸಾಲಿಗೆ ಸಾಲು ಎಂದೂ ಹೇಳುತ್ತಿರಲಿಲ್ಲ. ಸಣ್ಣಗೆ ಕೆಮ್ಮಿ, ಅದರ ಬಾಲಕ್ಕೆ ಮೊದಲ ಪದವನ್ನಷ್ಟೇ ಸೇರಿಸಿಬಿಡುತ್ತಿದ್ದರು. ಬಾಗಿಲು ಕಾಯುವ ಸಹೋದರ, ನಿವೃತ್ತ ಬಸ್ ಡ್ರೈವರ್, ಅಂದು ಆ ಕೆಮ್ಮು ಹೊರಗೇ ಕೇಳಿ ಗಾಬರಿಯಾಗಿ, ದೊಡ್ಡಣ್ಣನನ್ನು ಡಾಕ್ಟರಿಗೆ ತೋರಿಸಬೇಕೆಂದು ಎಲ್ಲರಿಗೂ ಹೇಳಿಕೊಂಡು ತಿರುಗಿದ.

ಮನೆಗೆ ನಡೆಯುತ್ತ ಬೇಕರಿಯವನು, ಇದು ನನ್ನ ಕೈಲಾಗದ ಕೆಲಸ, ಬೇರೆಯವರನ್ನು ನೋಡಿಕೊಳ್ಳಿ ಎಂದು ಅಂಗಲಾಚಿದ್ದ.

“ನಾನು ಮೊದಲ ಸಲ ಕೂತಾಗ ನನ್ನ ಹೆಸರೇ ಮರೆತಿದ್ದೆ ಕಣೋ,” ಎಂದರು ದೊಡ್ಡಣ್ಣ. “ಪಕ್ಕದಲ್ಲಿ ನಾನಿದೀನಲ್ಲ, ನಿನ್ನ ಗಂಟೇನು ಹೋಗತ್ತೆ?”

*

ಬಿಳಿ ಕೈಗವಸು ತೊಟ್ಟು, ಸೊಂಟಕ್ಕೆ ಏಪ್ರನ್ ಕಟ್ಟಿದ ಸಹೋದರರು ಗುಂಡಿಯ ಒಂದು ಬದಿಗೆ, ಮನೆಯವರು ಇನ್ನೊಂದು ಬದಿಗೆ ನಿಂತರು. ಪೆಟ್ಟಿಗೆ ಇಳಿಯಿತು. ಲಾಡ್ಜಿನ ಪದ್ಧತಿಯಂತೆ ಸಹೋದರರು ಅದರ ಮೇಲೆ ಒಂದೊಂದು ಎಲೆಗಡ್ಡಿ ಹಾಕಿದರು. ಬೇಕರಿಯವನು ಮುಂದೆ ಬಂದು ಶುರುಮಾಡಿದ.

“ನಮ್ಮ ಸಹೋದರ ತನ್ನ ಪಾಲಿನ ಕಲ್ಲನ್ನು ಇಟ್ಟ.”

ಅಷ್ಟೇ. ಬಂಡಿ ನಿಂತಿತು. ಡ್ರೈವರ್ ತನ್ನ ಬೂಟು ನೋಡಿಕೊಂಡ. ಬೇಕರಿಯವನು ರೂಢಿಯಂತೆ ತಲೆಯನ್ನು ಎಡಕ್ಕೆ ವಾಲಿಸಿದ. ಅಲ್ಲಿ ಬರೀ ಬಯಲಿತ್ತು. ಇನ್ನು ಮುಂದೆ ಅಲ್ಲಿ ಬಯಲೇ ಎಂಬುದು ಅವನಿಗೆ ಆಗ ನಿಜವಾಗಿ ತಿಳಿಯಿತು.

ಎದುರು ಬದಿಯಿಂದ ಒಂದು ಸಣ್ಣ ಕೆಮ್ಮು ಕೇಳಿತು. “ಗೋಡೆ...”

ಅತ್ತಿಗೆಯ ದನಿ.

“ಗೋಡೆ ಇನ್ನೂ ಮುಗಿದಿಲ್ಲ,” ಎಂದ ಬೇಕರಿಯವನು, ತಾನೇ ಬೆರಗಾಗಿ. “ಆದರೆ ಅವನಿಟ್ಟ ಕಲ್ಲು ಅಲುಗುವುದಿಲ್ಲ.” ಅಲ್ಲಿಂದ ಮುಂದೆ ಮತ್ತೆ ಕತ್ತಲೆ.

“ಅವನ...” ಎಂದರು ಅತ್ತಿಗೆ.

“ಅವನ ಉಳಿ ಈಗ ನಮ್ಮ ಕೈಗೆ ಬಂದಿದೆ.”

ಸಹೋದರರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಇರುವೆಯನ್ನೂ ಒಳಗೆ ಬಿಡದಂತೆ ವರ್ಷಗಟ್ಟಲೆ ಲಾಡ್ಜಿನ ಬಾಗಿಲು ಕಾದಿದ್ದ ಡ್ರೈವರ್ ಬಾಯಿ ತೆರೆದು ನಿಂತಿದ್ದ. ಅತ್ತಿಗೆ ಮಗಳ ಕೈ ಬಿಡಿಸಿಕೊಂಡು, ಗುಂಡಿಯನ್ನು ಬಳಸಿ ಬಂದು ಬೇಕರಿಯವನ ಎಡಕ್ಕೆ ನಿಂತರು.

“ಪಾತ್ರೆ ಒರೆಸ್ತಾ ದಿನಾ ಇದನ್ನೇ ಹೇಳ್ಕೋತಿದ್ರು, ಎಲ್ಲಿ ಮರೀತೀನೋ ಅಂತ,” ಎಂದರು ಮೆಲ್ಲಗೆ. “ತಪ್ಪಿದಾಗ ನಾನೇ ಹೇಳ್ಕೊಡ್ತಿದ್ದೆ. ಹೂಂ, ಮುಂದೆ ಹೇಳು.”

ಅವನು ಹೇಳಿದ. ಮರೆತಲ್ಲೆಲ್ಲ ಒಂದು ಕೆಮ್ಮು, ಒಂದು ಪದ. ಹಾಗೇ ಮಾತು ಕೊನೆಯ ಸಾಲಿಗೆ ಬಂತು. ಆ ಸಾಲು ಮುಗಿದೊಡನೆ ಸಹೋದರರೆಲ್ಲ ಬಲಗೈಯನ್ನು ಎದೆಯ ಮೇಲಿಟ್ಟು, ಅದನ್ನು ಹೇಳಿದ ಮಾಸ್ಟರಿಗೆ ಗೌರವ ತೋರಬೇಕು.

ಕೊನೆಯ ಸಾಲು ಅವನಿಗೆ ಚೆನ್ನಾಗಿಯೇ ನೆನಪಿತ್ತು. ಆದರೂ ಬಾಯಿ ಮುಚ್ಚಿಕೊಂಡು, ತಲೆಯನ್ನು ತುಸು ಎಡಕ್ಕೆ ಬಾಗಿಸಿ ನಿಂತ.

ಅತ್ತಿಗೆ ಒಂದು ಪದ ಕೊಟ್ಟರು. ಅವನು ತೆಗೆದುಕೊಳ್ಳಲಿಲ್ಲ. ಅವರು ಅವನ ಮುಖ ನೋಡಿದರು, ಆಮೇಲೆ ಗುಂಡಿಯನ್ನು ನೋಡಿದರು.

“ಬೆಳಕಿರುವಾಗಲೇ,” ಎಂದು ಮತ್ತೆ ಶುರುಮಾಡಿ, ಈ ಸಲ ನಿಲ್ಲಿಸದೆ, ಎಲ್ಲರಿಗೂ ಕೇಳುವಂತೆ ಹೇಳಿದರು, “ಉಳಿದವರು ಕೆಲಸಕ್ಕೆ ಮರಳಲಿ.”

ಮೊದಲು ಡ್ರೈವರನ ಕೈ, ಅದರ ಹಿಂದೆಯೇ ಸಾಲಿನುದ್ದಕ್ಕೂ ಬಿಳಿ ಗವಸಿನ ಕೈಗಳೆಲ್ಲ ಎದೆಗೆ ಹೋದವು.